ಗಟ್ಟಿ ಕಂಬದ ಮೇಲೆ ಸುಣ್ಣದ ಕತ್ತರಿ

ಸಮುದ್ರದೊಳಕ್ಕೆ ಮೂಗು ತೂರಿಸಿಕೊಂಡು ನಿಂತ ಆ ಕರಿಬಂಡೆಯ ಭೂಶಿರದಲ್ಲಿ ಅಲೆಯ ಸದ್ದು ಇಪ್ಪತ್ತನಾಲ್ಕು ಗಂಟೆಯೂ ಇದ್ದದ್ದೇ. ಬೆಳಗಾಯಿತು ಎಂದು ತಿಳಿಯುತ್ತಿದ್ದದ್ದು ಸುತ್ತಿಗೆಯ ಸದ್ದಿನಿಂದ. ಟಿಕೆಟ್ ಕಿಟಕಿ ತೆರೆಯುವುದಕ್ಕೆ ಎರಡು ಗಂಟೆ ಮೊದಲೇ ಸುತ್ತಿಗೆಯಕ್ಕ ಬಂಡೆಯ ಬುಡದ ದಾರಿಯಲ್ಲಿ ನಡೆಯುತ್ತ, ಒಂದೊಂದೇ ಕಂಬವನ್ನು ತಟ್ಟುತ್ತ ಹೋಗುತ್ತಿದ್ದಳು. ಈ ಕಂಬಗಳನ್ನು ಯಾರೂ ಕಡೆದು ನಿಲ್ಲಿಸಿರಲಿಲ್ಲ. ಬಂಡೆಯೇ ಉದ್ದಕ್ಕೆ ಸೀಳಿಕೊಂಡು, ಆರಾರು ಮೂಲೆಯ ಕಂಬಗಳಾಗಿ, ಡಬ್ಬಿಯಲ್ಲಿ ಒತ್ತಿಟ್ಟ ಪೆನ್ಸಿಲ್ಲುಗಳ ಹಾಗೆ ಒಂದಕ್ಕೊಂದು ಅಂಟಿ ನಿಂತಿತ್ತು. ದಾರಿಯ ಪಕ್ಕ ಕೈಗೆ ಸಿಗುವಂಥವು ಇನ್ನೂರ ಹದಿನಾಲ್ಕು. ಗಟ್ಟಿಯಾಗಿರುವ ಕಂಬ ತಟ್ಟಿದರೆ ಠಣ್ ಎನ್ನುತ್ತದೆ. ಬೆನ್ನ ಹಿಂದೆ ಬಿರುಕು ಬಿಟ್ಟು ಸಡಿಲಾಗಿರುವುದು ಡಬ್ ಎನ್ನುತ್ತದೆ. ಡಬ್ ಎಂದ ಕಂಬಕ್ಕೆ ಅವಳು ಸುಣ್ಣದಲ್ಲಿ ಕತ್ತರಿ ಗುರುತು ಹಾಕುತ್ತಿದ್ದಳು. ಕತ್ತರಿ ಬಿದ್ದ ಕಂಬದ ಹತ್ತಿರ ಯಾರೂ ಸುಳಿಯುವಂತಿಲ್ಲ. ಹಗ್ಗದವರು ಬಂದು ಅದನ್ನು ಕೆಡವುವವರೆಗೆ ಮ್ಯಾನೇಜರ್ ಕೂಡ ಆ ಕಡೆ ಕಾಲಿಡುತ್ತಿರಲಿಲ್ಲ.

ಈ ವಿದ್ಯೆ ಅವಳ ಅಪ್ಪನದು. ಅಲ್ಲಿ ಕಲ್ಲುಗಣಿ ಇದ್ದ ಕಾಲದಲ್ಲಿ ಅಪ್ಪ ಕಲ್ಲು ಒಡೆಯುತ್ತಿದ್ದ. ಗಣಿ ಮುಚ್ಚಿ, ಭೂಶಿರ ನೋಡುವುದಕ್ಕೆ ಜನ ಬರಲು ಶುರುವಾದ ಮೇಲೆ, ಅದೇ ಸುತ್ತಿಗೆ ಹಿಡಿದು ಕಾವಲಿಗೆ ನಿಂತ. ಸಾಯುವ ಮುಂಚೆ ಸುತ್ತಿಗೆಯನ್ನು ಮಗನಿಗೆ ಕೊಡಲಿಲ್ಲ, ಮಗಳಿಗೆ ಕೊಟ್ಟ. "ಇವನಿಗೆ ತೋಳು ಇದೆ, ನಿನಗೆ ಕಿವಿ ಇದೆ" ಅಂದ. ಮಗ ಹಗ್ಗದವರ ಮುಖಂಡನಾದ. ಅಕ್ಕ ಕತ್ತರಿ ಹಾಕಿದ ಕಂಬವನ್ನು ತಮ್ಮ ಕೆಡವುವುದು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಒಂದು ದಿನವೂ ತಮ್ಮ ಯಾಕೆ ಏನು ಎಂದು ಕೇಳಿದವನಲ್ಲ. ಒಬ್ಬ ಪ್ರವಾಸಿಯ ತಲೆಯ ಮೇಲೂ ಒಂದು ಚೂರು ಕಲ್ಲು ಬೀಳಲಿಲ್ಲ. ಈ ಮಾತನ್ನು ಸುತ್ತಿಗೆಯಕ್ಕ ದಿನಕ್ಕೆ ಮೂರು ಸಲವಾದರೂ ಯಾರಿಗಾದರೂ ಹೇಳದೆ ಬಿಡುತ್ತಿರಲಿಲ್ಲ. ಹೇಳಿಕೊಳ್ಳುವಂಥದ್ದೇ ಬಿಡಿ.

ಬೆಳಗಿನ ಸುತ್ತು ಮುಗಿದ ಮೇಲೆ ಅವಳು ಗೈಡ್. ದಾರಿಯ ಕೊನೆಗೆ, ಗುಹೆಯ ಬಾಯಿಯ ಹತ್ತಿರ, 'ಕುಲುಮೆ ಸಾಲು' ಎಂದು ಕರೆಯುವ ಕಂಬಗಳ ಮುಂದೆ ಜನರನ್ನು ನಿಲ್ಲಿಸಿ ಕಥೆ ಹೇಳುತ್ತಿದ್ದಳು. ಸಮುದ್ರದ ತಳದಲ್ಲಿ ಇಬ್ಬರು ಕಮ್ಮಾರರು, ಅಣ್ಣ ತಮ್ಮ. ಅಣ್ಣನ ಕೆಲಸಕ್ಕೆ ಹೆಸರಿತ್ತು. ಆದರೆ ತಮ್ಮನ ಕುಲುಮೆಯ ಕೆಂಪು ನೋಡಿದವರು ಅಣ್ಣನ ಕಡೆ ತಿರುಗಿಯೂ ನೋಡದಾದರು. ಒಂದು ದಿನ ತಮ್ಮ ಇನ್ನೂರು ಸಲಾಕೆಗಳನ್ನು ಕಾಯಿಸಿ ನಿಲ್ಲಿಸಿದ್ದಾಗ ಅಣ್ಣ ಸಮುದ್ರವನ್ನೇ ಎತ್ತಿ ಕುಲುಮೆಗೆ ಸುರಿದ. ಬೆಂಕಿ ಆರಿತು. ಸಲಾಕೆಗಳು ನಿಂತಲ್ಲೇ ಕಪ್ಪಾದವು. ತಮ್ಮ ಎದ್ದು ಹೋದವನು ಮರಳಿ ಬರಲಿಲ್ಲ. ಅಣ್ಣ ಇವತ್ತಿಗೂ ಗುಹೆಯೊಳಗೆ ಕೂತು ತಿದಿ ಒತ್ತುತ್ತಿದ್ದಾನೆ, ಆ ಬೆಂಕಿ ಇನ್ನೊಮ್ಮೆ ಹತ್ತಲಿ ಎಂದು. ಇಷ್ಟು ಹೇಳಿ ಅವಳು ಬೆರಳೆತ್ತುತ್ತಿದ್ದಳು. ಸರಿಯಾಗಿ ಅದೇ ಹೊತ್ತಿಗೆ ಅಲೆ ಗುಹೆಗೆ ನುಗ್ಗಿ 'ಹುಸ್ಸ್' ಎನ್ನುತ್ತಿತ್ತು. ಮಕ್ಕಳು ಅಮ್ಮಂದಿರ ಸೆರಗು ಹಿಡಿಯುತ್ತಿದ್ದರು. ಅಲೆಯ ಲೆಕ್ಕ ನೋಡಿಕೊಂಡು ಕಥೆಯನ್ನು ಎಳೆಯುವುದೋ ಮೊಟಕು ಮಾಡುವುದೋ ಎನ್ನುವುದು ಅವಳ ಗುಟ್ಟು.

ಇಷ್ಟು ಸಾವಿರ ಸಲ ಹೊಟ್ಟೆಕಿಚ್ಚಿನ ಕಥೆ ಹೇಳಿದವಳಿಗೆ ಅದರ ಬುದ್ಧಿ ಸ್ವಲ್ಪವಾದರೂ ತಾಗಿರಬೇಕು ಎಂದು ನೀವು ಅಂದುಕೊಂಡರೆ, ನಿಮಗೆ ಕಥೆ ಹೇಳುವವರ ಜಾತಿ ಗೊತ್ತಿಲ್ಲ.

ತಮ್ಮನ ಹೆಂಡತಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದಾಗ ಮನೆಯಲ್ಲಿ ಸುಮ್ಮನೆ ಕೂತು ಕಿಟಕಿಯ ಗಾಜು ಒರೆಸಿದ್ದನ್ನೇ ಒರೆಸುತ್ತಿದ್ದಳು. ಮಹಡಿಯ ಮೇಲೆ ಅವರು, ಕೆಳಗೆ ಸುತ್ತಿಗೆಯಕ್ಕ. ನೋಡಲಾರದೆ ಅವಳೇ ಮ್ಯಾನೇಜರ್ ಹತ್ತಿರ ಹೋಗಿ, "ನಮ್ಮ ಟೀಚರಮ್ಮನಿಗೂ ಒಂದು ಗೈಡ್ ಕೆಲಸ ಕೊಡಿ ಸಾರ್, ಪಾಪ" ಎಂದು ಹೇಳಿ ಕೊಡಿಸಿದಳು. ಆ 'ಪಾಪ' ಎನ್ನುವ ಮಾತು ಆಮೇಲೆ ಅವಳ ಗಂಟಲಲ್ಲೇ ಮುಳ್ಳಾಗಿ ಕೂತಿತು. ಕಲ್ಲಿನವಳು ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದಳು.

ಟೀಚರಮ್ಮ ಜನರನ್ನು ನಿಲ್ಲಿಸುತ್ತಿದ್ದದ್ದು ದಾರಿಯ ಅರ್ಧದಲ್ಲಿ, ಕೆಂಪು ಪಟ್ಟಿಯ ಹತ್ತಿರ. ಕಪ್ಪು ಬಂಡೆಯ ನಡುವೆ ಅಲ್ಲೊಂದು ಗೇಣು ದಪ್ಪದ ಕೆಂಪು ಪದರ ಮೊಣಕಾಲಿನ ಎತ್ತರಕ್ಕೆ ಇಳಿದು ಬಂದಿತ್ತು. ಇಪ್ಪತ್ತಾರು ವರ್ಷದಲ್ಲಿ ಸುತ್ತಿಗೆಯಕ್ಕ ಅದನ್ನು ತುಕ್ಕು ಎಂದು ಹೇಳಿ ದಾಟಿಕೊಂಡು ಹೋಗಿದ್ದಳು. ಟೀಚರಮ್ಮ ಅದರ ಮುಂದೆ ಮಂಡಿಯೂರಿ ಕೂತಳು. "ಇದು ಮಣ್ಣು" ಅಂದಳು. "ಮೊದಲು ಒಂದು ಸಲ ಲಾವಾ ಹರಿದು ಬಂತು, ಆರಿತು, ಕಲ್ಲಾಯ್ತು. ಆಮೇಲೆ ಸಾವಿರಾರು ವರ್ಷ ಏನೂ ಆಗಲಿಲ್ಲ. ಕಲ್ಲು ಸವೆದು ಮಣ್ಣಾಯ್ತು, ಹುಲ್ಲು ಬಂತು, ಇರುವೆ ಬಂತು. ಇನ್ನು ಬೆಂಕಿ ಇಲ್ಲ ಅಂತ ಎಲ್ಲಾ ನೆಮ್ಮದಿಯಾಗಿದ್ದಾಗ ಎರಡನೇ ಲಾವಾ ಬಂತು. ಆ ಮಣ್ಣನ್ನ ಇಟ್ಟಿಗೆ ಸುಟ್ಟ ಹಾಗೆ ಸುಟ್ಟುಬಿಡ್ತು. ಮುಟ್ಟಿ ನೋಡಿ, ಬೆರಳಿಗೆ ಕೆಂಪು ಹತ್ತುತ್ತೆ." ಜನ ಒಬ್ಬೊಬ್ಬರಾಗಿ ಬಗ್ಗಿ ಮುಟ್ಟಿ, ಕೆಂಪಾದ ಬೆರಳನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಕಂಬ ಹೇಗಾಯಿತು ಎಂದು ತೋರಿಸುವುದಕ್ಕೆ ಅವಳು ಮನೆಯಲ್ಲಿ ಕಾರ್ನ್‌ಫ್ಲೋರ್ ಹಿಟ್ಟನ್ನು ನೀರಲ್ಲಿ ಕದಡಿ ತಟ್ಟೆಯಲ್ಲಿ ಒಣಗಿಸುತ್ತಿದ್ದಳು. ಒಣಗಿ ಕುಗ್ಗುವಾಗ ಅದು ಬಿರುಕು ಬಿಟ್ಟು ಪುಟ್ಟ ಪುಟ್ಟ ಕಂಬಗಳಾಗುತ್ತಿತ್ತು. ಕಾದ ಬಂಡೆಯೂ ಆರುತ್ತ ಕುಗ್ಗುವಾಗ ಹೀಗೇ ಸೀಳಿತು ಎಂದರೆ ಮಕ್ಕಳಿಂದ ಹಿಡಿದು ತಾತಂದಿರವರೆಗೆ ಎಲ್ಲರೂ ತಟ್ಟೆಗೆ ಮುತ್ತುತ್ತಿದ್ದರು. ಮಹಡಿಯ ಕಿಟಕಿಯಲ್ಲಿ ಸಾಲಾಗಿ ಒಣಗುವ ಆ ತಟ್ಟೆಗಳನ್ನು ಕಂಡರೆ ಸುತ್ತಿಗೆಯಕ್ಕನಿಗೆ ಮೈ ಉರಿಯುತ್ತಿತ್ತು.

ಮೊದಲು ಅವಳು ತಲೆ ಎಣಿಸಲು ಶುರುಮಾಡಿದಳು. ಟೀಚರಮ್ಮನ ಹತ್ತಿರ ಮೂವತ್ತು, ತನ್ನ ಹತ್ತಿರ ಹನ್ನೊಂದು. ಟೀಚರಮ್ಮನ ಹತ್ತಿರ ನಲವತ್ತು, ತನ್ನ ಹತ್ತಿರ ಒಂಬತ್ತು, ಅದರಲ್ಲಿ ಇಬ್ಬರಿಗೆ ನೆರಳು ಬೇಕಿತ್ತು ಅಷ್ಟೆ. ಒಂದು ದಿನ ಕಥೆಯ ನಡುವೆ ಎರಡು ಜಡೆಯ ಹುಡುಗಿ ಕೇಳಿದಳು, "ಇದು ನಿಜಾನಾ, ಇಲ್ಲ ಬರೀ ಕಥೆನಾ?" ಅವಳ ಅಮ್ಮ, "ಸುಮ್ನಿರು, ನಿಜ ಆ ಮೇಡಂ ಹೇಳಿದ್ರಲ್ಲ" ಅಂದಳು. ಮೆಲ್ಲಗೇ ಅಂದಳು, ಆದರೆ ಸುತ್ತಿಗೆಯಕ್ಕನ ಕಿವಿ ಕಲ್ಲಿನೊಳಗಿನ ಬಿರುಕನ್ನೇ ಕೇಳುವಂಥದ್ದು.

ಅಂದು ಮಧ್ಯಾಹ್ನ ಟೀಚರಮ್ಮ ಬುತ್ತಿ ಬಿಚ್ಚುತ್ತ, "ಅತ್ತಿಗೆ, ಅಲೆ ಬರೋ ಹೊತ್ತಿಗೆ ಸರಿಯಾಗಿ ಬೆರಳೆತ್ತೋದು ಹೇಗೆ ನೀವು? ನನಗೂ ಹೇಳಿಕೊಡಿ" ಎಂದು ಕೇಳಿದಳು.

"ಎಲ್ಲಾ ನಿನಗೇ ಬೇಕಾ?" ಎಂದಳು ಸುತ್ತಿಗೆಯಕ್ಕ.

ಪಕ್ಕದಲ್ಲೇ ಉಣ್ಣುತ್ತಿದ್ದ ತಮ್ಮ ನಕ್ಕ. ಅವನಿಗೆ ಎಲ್ಲವೂ ತಮಾಷೆ. ಟೀಚರಮ್ಮ ಮಾತ್ರ ಕೈಯಲ್ಲಿದ್ದ ತುತ್ತನ್ನು ಬುತ್ತಿಗೇ ವಾಪಸ್ ಇಟ್ಟಳು.

ಆ ವಾರದ ಕೊನೆಗೆ ಮ್ಯಾನೇಜರ್ ಸುತ್ತಿಗೆಯಕ್ಕನನ್ನು ಕಚೇರಿಗೆ ಕರೆದ. ಮೇಜಿನ ಮೇಲೆ ಬಾಗಿಲಷ್ಟು ದೊಡ್ಡ ಕಾಗದ ಹಾಸಿತ್ತು. ಕೆಂಪು ಪಟ್ಟಿಯ ಹತ್ತಿರ ಬೋರ್ಡ್ ನಿಲ್ಲಿಸುತ್ತಾರಂತೆ, ಅದರಲ್ಲಿ ಟೀಚರಮ್ಮ ಬರೆದುಕೊಟ್ಟ ಮಾತು, ಕೆಳಗೆ ಅವಳ ಹೆಸರು. ನಾಳೆ ಬೇರೆ ಊರುಗಳಿಂದ ನಲವತ್ತು ಜನ ವಿಜ್ಞಾನದ ಮೇಷ್ಟ್ರುಗಳು ನೋಡಲು ಬರುತ್ತಾರಂತೆ.

"ನನ್ನ ಕಥೆ?" ಎಂದು ಕೇಳಿದಳು.

"ನೋಡಿ ಅಕ್ಕ, ನಿಮ್ಮ ಕಥೆ ಬೋರ್ಡಿಗೆ ಉದ್ದ ಆಗುತ್ತೆ. ನಿಮಗೆ ಬೆಳಗಿನ ಸುತ್ತು ಇದ್ದೇ ಇದೆಯಲ್ಲ. ಇನ್ನು ಮೇಲೆ ಶಾಲೆಗಳ ಗುಂಪೆಲ್ಲಾ ಅವರೇ ನೋಡ್ಕೊಳ್ಲಿ. ನಿಮಗೂ ಆರಾಮ."

ಆರಾಮ ಎನ್ನುವ ಮಾತನ್ನು ಅವನು ಮನಸ್ಸಿನಿಂದಲೇ ಹೇಳಿದ್ದ. ಅದಕ್ಕೇ ಅದು ಹೆಚ್ಚು ನೋಯಿತು. ಅವಳು "ಆಯ್ತು ಸಾರ್" ಅಂದು ಹೊರಗೆ ಬಂದಳು. ಮನೆಗೆ ಹೋಗಿ ಒಲೆ ಹಚ್ಚಲಿಲ್ಲ. ತಾನೇ ಕೈ ಹಿಡಿದು ತಂದವಳು ತನ್ನ ಬಂಡೆ ಕಿತ್ತುಕೊಂಡಳು, ತನ್ನ ಜನರನ್ನು ಕಿತ್ತುಕೊಂಡಳು, ಈಗ ಬೋರ್ಡಿನ ಮೇಲೆ ಕೂತು ಸತ್ತ ಮೇಲೂ ಮಾತಾಡುತ್ತಾಳೆ. ಅಪ್ಪ ಬೆವರು ಸುರಿಸಿದ ಬಂಡೆಗೆ ಇವಳು ಸೊಸೆಯಾಗಿ ಬಂದು ಯಜಮಾನಿಯಾದಳು. ಹೀಗೆಲ್ಲ ಯೋಚಿಸಿದಳು, ಮತ್ತು ಹೀಗೆ ಯೋಚಿಸುವುದರಲ್ಲಿ ಅವಳಿಗೆ ಒಂಥರಾ ಸುಖವೂ ಇತ್ತು. ಹುಣ್ಣು ಕೆರೆದುಕೊಳ್ಳುವ ಸುಖ.

ಮರುದಿನ ಬೆಳಗ್ಗೆ ಎಂದಿನಂತೆ ಸುತ್ತಿಗೆ, ಸುಣ್ಣದ ಡಬ್ಬಿ ಹಿಡಿದು ಹೊರಟಳು. ಕೆಂಪು ಪಟ್ಟಿಯ ಮೇಲೆ ನಿಂತ ಕಂಬ ನೂರ ಎಂಟನೆಯದು. ತಟ್ಟಿದಳು. ಠಣ್. ಅಂಥ ಠಣ್ ಇಡೀ ಸಾಲಿನಲ್ಲಿ ಇನ್ನೊಂದಿಲ್ಲ. ಅಪ್ಪ ಅದನ್ನು ಗಂಟೆ ಎಂದೇ ಕರೆಯುತ್ತಿದ್ದ. ಇನ್ನೊಮ್ಮೆ ತಟ್ಟಿದಳು. ಮತ್ತೆ ಠಣ್. ಸುತ್ತಮುತ್ತ ನೋಡಿದಳು. ಕುಂಚವನ್ನು ಸುಣ್ಣದಲ್ಲಿ ಅದ್ದಿ, ಎದೆಯ ಎತ್ತರಕ್ಕೆ ಒಂದು ಗೀಟು ಎಳೆದಳು, ಅದರ ಮೇಲೆ ಇನ್ನೊಂದು ಗೀಟು ಎಳೆದಳು.

ಮುಂದಿನದು ಅವಳು ಬೇಕೆಂದು ಮಾಡಿದ್ದಲ್ಲ. ಬಾಯಿ ಒಣಗಿತ್ತು. ನೀರು ಕುಡಿದು ಬರೋಣ ಎಂದು ಟಿಕೆಟ್ ಕಿಟಕಿಯ ಪಕ್ಕದ ಗುಡಿಸಲಿಗೆ ಹೋದಳು. ಕೂತಳು. ಕೂತವಳು ಏಳಲಿಲ್ಲ. ಮೇಷ್ಟ್ರುಗಳು ಬಂದು, ಕತ್ತರಿ ನೋಡಿ, ಟೀಚರಮ್ಮ ಪೆಚ್ಚು ಮೋರೆ ಹಾಕಿಕೊಂಡು, "ಇವತ್ತು ಇಲ್ಲ, ಕ್ಷಮಿಸಿ" ಎನ್ನುವುದನ್ನು ಮನಸ್ಸಿನಲ್ಲೇ ಮೂರು ಸಲ ನೋಡಿದಳು. ನೂರ ಒಂಬತ್ತರಿಂದ ಇನ್ನೂರ ಹದಿನಾಲ್ಕರವರೆಗೆ ತಟ್ಟುವುದು ಬಾಕಿ ಇದೆ ಎನ್ನುವುದು ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವಳಿಗೆ ಮರೆತುಹೋಯಿತು.

ಬಸ್ಸು ಬಂದು ಹೋದ ಸದ್ದಾಗಿ ಅರ್ಧ ಗಂಟೆ ಆಗಿತ್ತು. ಟಿಕೆಟ್ಟಿನವನು ಗುಡಿಸಲಿಗೆ ತಲೆ ಹಾಕಿದ. "ಏನಕ್ಕ, ಇಲ್ಲೇ ಕೂತುಬಿಟ್ರಿ? ಅಲ್ಲಿ ಕತ್ತರಿ ಬಿದ್ದಿದೆ ಅಂತ ಟೀಚರಮ್ಮ ಎಲ್ಲರನ್ನೂ ಕುಲುಮೆ ಸಾಲಿಗೆ ಕರ್ಕೊಂಡು ಹೋದ್ರು."

ಸುತ್ತಿಗೆಯಕ್ಕ ತಟ್ಟನೆ ಎದ್ದಳು. ಕುಲುಮೆ ಸಾಲು ತಟ್ಟಿಲ್ಲ.

ಐವತ್ತೆರಡು ವರ್ಷದ ಹೆಂಗಸು, ಮೊಣಕಾಲು ನೋವಿನವಳು, ಸುತ್ತಿಗೆ ಹಿಡಿದು ಆ ಜಾರುವ ದಾರಿಯಲ್ಲಿ ಓಡಿದಳು. ಗುಹೆಯ ಹತ್ತಿರ ಬರುವಾಗ ಟೀಚರಮ್ಮನ ದನಿ ಕೇಳಿಸಿತು. ಮೇಷ್ಟ್ರೊಬ್ಬ ಮೇಲೆ ನೋಡುತ್ತ, "ಇಲ್ಲಿ ನಿಲ್ಲೋದು ಸುರಕ್ಷಿತಾನಾ ಮೇಡಂ?" ಎಂದು ಕೇಳುತ್ತಿದ್ದ.

"ಇದನ್ನ ನಮ್ಮ ಅತ್ತಿಗೆ ಬೆಳಗ್ಗೆ ತಟ್ಟಿ ನೋಡಿರ್ತಾರೆ" ಎಂದಳು ಟೀಚರಮ್ಮ. "ಅವರು ಗುರುತು ಹಾಕಿಲ್ಲ ಅಂದ್ರೆ ಇದರ ಕೆಳಗೆ ಹಾಸಿಗೆ ಹಾಸ್ಕೊಂಡು ಮಲಗಬಹುದು. ಇಲ್ಲಿನ ಕಥೆ ಅವರ ಬಾಯಿಂದಲೇ ಕೇಳಬೇಕು, ನನಗೆ ಬರಲ್ಲ. ಬರ್ತಾರೆ ಇರಿ."

ಸುತ್ತಿಗೆಯಕ್ಕ ಬಂದು ಗುಂಪಿನ ಅಂಚಿಗೆ ನಿಂತು, ಉಸಿರು ಸಿಕ್ಕಷ್ಟರಲ್ಲಿ, "ಎಲ್ಲಾ ಈಚೆ ಬನ್ನಿ" ಅಂದಳು. ಟೀಚರಮ್ಮ ಯಾಕೆ ಎಂದು ಕೇಳಲಿಲ್ಲ. ತಟಕ್ಕನೆ ಎರಡೂ ಕೈ ಚಾಚಿ, ಕೋಳಿ ಅಟ್ಟುವ ಹಾಗೆ ನಲವತ್ತು ಜನರನ್ನು ಸಮುದ್ರದ ಕಡೆಯ ಬಯಲಿಗೆ ಅಟ್ಟಿದಳು. ಸುತ್ತಿಗೆಯಕ್ಕ ಒಂದೊಂದೇ ತಟ್ಟುತ್ತ ಬಂದಳು. ಠಣ್. ಠಣ್. ಕೊನೆಯಿಂದ ಮೂರನೆಯದು, ಇಷ್ಟು ಹೊತ್ತು ಮೇಷ್ಟ್ರುಗಳ ತಲೆಯ ಮೇಲೆ ನೆರಳು ಹಾಕಿಕೊಂಡು ನಿಂತಿದ್ದದ್ದು, ಡಬ್ ಅಂದಿತು.

ಹಗ್ಗದವರು ಮಧ್ಯಾಹ್ನ ಬಂದರು. ಕುಲುಮೆ ಸಾಲಿನ ಕಂಬಕ್ಕೆ ತಮ್ಮ ಹಾರೆ ಇಟ್ಟು ಒಂದು ಸಲ ಮೀಟಿದ ಅಷ್ಟೆ. ಎರಡಾಳೆತ್ತರದ ಕಂಬ ಕಳಚಿ ಬಿದ್ದು ನಾಲ್ಕು ಚೂರಾಯಿತು. ಒಂದು ಚೂರು ಬೆಳಗ್ಗೆ ಮೇಷ್ಟ್ರುಗಳು ನಿಂತ ಜಾಗಕ್ಕೇ ಉರುಳಿತು. ಎಲ್ಲರೂ ಸುತ್ತಿಗೆಯಕ್ಕನ ಮುಖ ನೋಡಿದರು. ದೇವತೆಯನ್ನು ನೋಡುವ ಹಾಗೆ ನೋಡಿದರು. ಮ್ಯಾನೇಜರ್ ಕೈ ಮುಗಿದೇಬಿಟ್ಟ. ಅವಳು ತಲೆ ಎತ್ತಲಿಲ್ಲ.

ಆಮೇಲೆ ಅವರು ಕೆಂಪು ಪಟ್ಟಿಯ ಕಂಬಕ್ಕೆ ಬಂದರು. ಹಾರೆ ಕಚ್ಚಲಿಲ್ಲ. ಇಬ್ಬರು ಜಗ್ಗಿದರು, ನಾಲ್ವರು ಜಗ್ಗಿದರು, ಹಗ್ಗ ಬಿಗಿದು ಆರು ಜನ ಎಳೆದರು. ಕಂಬ ಕಮಕ್ ಕಿಮಕ್ ಅನ್ನಲಿಲ್ಲ. ಎರಡು ಗಂಟೆ ಕಳೆಯಿತು. ತಮ್ಮ ಬೆವರು ಒರೆಸಿಕೊಂಡು ಅಕ್ಕನ ಹತ್ತಿರ ಬಂದ.

"ಅಕ್ಕಾ, ಇದು ಗಂಟೆ ಕಂಬ ಅಲ್ವಾ? ಅಪ್ಪ ಹೇಳ್ತಿದ್ದದ್ದು?"

"ಹೂಂ."

"ಇದು ಡಬ್ ಅಂತಾ?"

ಟೀಚರಮ್ಮ ಹೋಗಿ ಬೆರಳ ಗೆಣ್ಣಿನಿಂದ ಆ ಕಂಬವನ್ನು ತಟ್ಟಿ, ಕಿವಿ ಇಟ್ಟು, ತಿರುಗಿ ಅತ್ತಿಗೆಯನ್ನು ನೋಡಿದಳು. ಒಂದು ಗಳಿಗೆ ಅಷ್ಟೆ. ಅವಳಿಗೆ ಅರ್ಥವಾಯಿತು ಎಂದು ಸುತ್ತಿಗೆಯಕ್ಕನಿಗೂ ಅರ್ಥವಾಯಿತು.

"ಬೆಳಗ್ಗೆ ಗಾಳಿ ಜೋರಾಗಿತ್ತು ಸಾರ್" ಎಂದು ಟೀಚರಮ್ಮ ಮ್ಯಾನೇಜರ್ ಕಡೆ ತಿರುಗಿ ಹೇಳಿದಳು. "ಈ ಗಾಳಿಯಲ್ಲಿ ಯಾರಿಗೆ ತಾನೇ ಸರಿಯಾಗಿ ಕೇಳಿಸುತ್ತೆ? ಒಂದು ಸಲ ತಪ್ಪಿದ್ರೆ ಏನಾಯ್ತು?"

"ಅದೂ ಹೌದು" ಎಂದ ಮ್ಯಾನೇಜರ್. "ವಯಸ್ಸಾಯ್ತು, ಕಿವಿ ಸ್ವಲ್ಪ ಮಂದ ಆಗೋದು ಸಹಜ."

ತಪ್ಪಿಸಿಕೊಳ್ಳುವ ಬಾಗಿಲು ತೆರೆದಿತ್ತು, ಸುಮ್ಮನೆ ದಾಟಿಕೊಂಡು ಹೋಗಬಹುದಿತ್ತು. ಹೂಂ ಎಂದಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಕಿವಿ ಹೋಗುತ್ತಿತ್ತು. ನಾಳೆಯಿಂದ ಅವಳು ಕತ್ತರಿ ಹಾಕಿದರೆ, ಅಕ್ಕನಿಗೆ ಕೇಳಿಸಿತ್ತೋ ಇಲ್ಲವೋ ಎಂದು ತಮ್ಮ ತಲೆ ಕೆರೆದುಕೊಳ್ಳುತ್ತಾನೆ. ಕತ್ತರಿ ಹಾಕದಿದ್ದರೆ ಅದರ ಕೆಳಗೆ ನಿಲ್ಲುವವರು ಹೆದರುತ್ತಾರೆ. ಅದೂ ಅಲ್ಲದೆ, ಈ ಔದಾರ್ಯ ಬೇರೆ. ಜನ ಹೋಯಿತು, ಬೋರ್ಡ್ ಹೋಯಿತು, ಈಗ ತಪ್ಪು ಮಾಡಿದವಳನ್ನು ಕಾಪಾಡುವ ದೊಡ್ಡತನವೂ ಟೀಚರಮ್ಮನಿಗೇ ಸಿಗಬೇಕೇ? ಹೊಟ್ಟೆಕಿಚ್ಚು ಅನ್ನುವುದು ಕೆಟ್ಟದ್ದೇ, ಆದರೆ ಅಂದು ನಿಜ ಹೇಳಿಸಿದ್ದರಲ್ಲಿ ಅದರ ಪಾಲೂ ಇತ್ತು ಎಂದು ಹೇಳದಿದ್ದರೆ ಈ ಕಥೆಗೆ ಮೋಸವಾಗುತ್ತದೆ.

"ನನ್ನ ಕಿವಿ ನೆಟ್ಟಗಿದೆ" ಎಂದಳು ಸುತ್ತಿಗೆಯಕ್ಕ. "ಠಣ್ ಅಂತಲೇ ಅಂದಿತ್ತು. ಎರಡು ಸಲ ತಟ್ಟಿದೆ, ಎರಡು ಸಲಾನೂ ಠಣ್ ಅಂತು. ಇವಳನ್ನ ಇಲ್ಲಿಂದ ಎಬ್ಬಿಸ್ಬೇಕು ಅಂತ ಬೇಕಂತಲೇ ಕತ್ತರಿ ಹಾಕಿದೆ. ಹೊಟ್ಟೆಕಿಚ್ಚಿಗೆ. ಹಾಕಿ ಹೋಗಿ ಕೂತೆ. ಕುಲುಮೆ ಸಾಲು ತಟ್ಟಲೇ ಇಲ್ಲ."

ಹಗ್ಗದವರಲ್ಲೊಬ್ಬ ಸುಮ್ಮನೆ ಹಗ್ಗ ಸುತ್ತತೊಡಗಿದ. ತಮ್ಮ ಅಕ್ಕನ ಕೈಯಿಂದ ಸುತ್ತಿಗೆ ತೆಗೆದುಕೊಂಡು ದಾರಿ ಹಿಡಿದು ಹೊರಟುಹೋದ. ಅಷ್ಟು ಹೊತ್ತೂ ಅವಳು ನಿಂತೇ ಇದ್ದಳು, ಅವನು ತಿರುವಿನಲ್ಲಿ ಮರೆಯಾದ ಮೇಲೆ ಅಳು ಬಂತು.

ಮೂರು ತಿಂಗಳು ಅವಳನ್ನು ಕೆಲಸಕ್ಕೆ ಬರಬೇಡ ಎಂದರು. ಬೆಳಗಿನ ಸುತ್ತು ತಮ್ಮನ ಪಾಲಿಗೆ ಬಂತು. ತೋಳಿನವನಿಗೆ ಕಿವಿ ಎಲ್ಲಿಂದ ಬರಬೇಕು? ಅನುಮಾನ ಬಂದದ್ದಕ್ಕೆಲ್ಲ ಕತ್ತರಿ ಬಳಿದು ದಾರಿಯನ್ನೇ ಮುಚ್ಚಿಟ್ಟ. ಮೂರು ತಿಂಗಳು ಕಳೆದ ಮರುದಿನ ಬೆಳಗ್ಗೆ ಟೀಚರಮ್ಮ ಮಹಡಿಯಿಂದ ಇಳಿದು ಬಂದು ಸುತ್ತಿಗೆಯನ್ನು ಅತ್ತಿಗೆಯ ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು.

"ಇನ್ನು ಮೇಲೆ ಒಬ್ಬರೇ ಬೇಡ, ಇಬ್ಬರು ತಟ್ಟಬೇಕು ಅಂದಿದಾರೆ ಮ್ಯಾನೇಜರ್. ನಾನು ಬರ್ತೀನಿ ಅಂದೆ. ನನಗೆ ಠಣ್ ಯಾವುದು ಡಬ್ ಯಾವುದು ಅಂತ ನೀವೇ ಕಲಿಸ್ಬೇಕು."

"ನನ್ನ ಮೇಲೆ ಕಾವಲಿಗೆ ಬರ್ತೀಯಾ?"

"ಹೌದು" ಎಂದಳು ಟೀಚರಮ್ಮ. "ನನಗೂ ಸಿಟ್ಟಿದೆ ಅತ್ತಿಗೆ. ನಲವತ್ತು ಜನ ನನ್ನ ಮಾತು ನಂಬಿ ಅಲ್ಲಿ ನಿಂತಿದ್ರು. ಆ ಮಾತು ನಿಮ್ಮದಾಗಿತ್ತು."

ಸುತ್ತಿಗೆಯಕ್ಕ ಸುತ್ತಿಗೆ ಎತ್ತಿಕೊಂಡಳು. ಇದಕ್ಕಿಂತ ಹೆಚ್ಚಿನ ಮಾತು ಆ ವಿಷಯದಲ್ಲಿ ಇಬ್ಬರ ನಡುವೆ ಎಂದೂ ನಡೆಯಲಿಲ್ಲ.

ಗಂಟೆ ಕಂಬದ ಕತ್ತರಿಯನ್ನು ಅವಳು ಬ್ರಷ್ಷು ಹಿಡಿದು ತಿಕ್ಕಿದಳು, ಒದ್ದೆ ಗೋಣಿಯಿಂದ ಉಜ್ಜಿದಳು. ಕಂಬದ ಮೈಯೆಲ್ಲ ಸಣ್ಣ ಸಣ್ಣ ತೂತು; ಲಾವಾ ಆರುವಾಗ ಒಳಗೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳು ಎಂದು ಟೀಚರಮ್ಮ ಹೇಳುತ್ತಿದ್ದಳು. ಸುಣ್ಣ ಹೋಗಿ ಆ ತೂತುಗಳಲ್ಲಿ ಕೂತುಬಿಟ್ಟಿತ್ತು. ಮೇಲಿನದು ಹೋಯಿತು, ಒಳಗಿನದು ಉಳಿಯಿತು. ದೂರದಿಂದ ನೋಡಿದರೆ ಬಿಳಿ ಚುಕ್ಕಿಗಳ ಕತ್ತರಿ ಚೆನ್ನಾಗಿಯೇ ಕಾಣುತ್ತಿತ್ತು. ಪಕ್ಕದಲ್ಲಿ ಬೋರ್ಡು ನಿಂತಿತು. ಬೋರ್ಡು ಓದಿ ಮುಗಿಸಿದವರೆಲ್ಲ ಆ ಕತ್ತರಿಯ ಕಡೆ ಬೆರಳು ಮಾಡಿ ಕೇಳುವವರೇ: "ಮೇಡಂ, ಇದೇನು?"

ಟೀಚರಮ್ಮ ಮೊದಲ ದಿನ ತೊದಲಿದಳು. ಎರಡನೇ ದಿನ ಅತ್ತಿಗೆಯೇ ಮುಂದೆ ಬಂದು, "ಅದನ್ನ ನಾನು ಹೇಳ್ತೀನಿ. ಕುಲುಮೆ ಸಾಲಿಗೆ ಬನ್ನಿ" ಅಂದಳು.

ಅಂದಿನಿಂದ ಅವಳು ಎರಡು ಕಥೆ ಹೇಳುತ್ತಾಳೆ. ಮೊದಲು ಕಮ್ಮಾರರದ್ದು. ಆಮೇಲೆ, ಇದೇ ಬಂಡೆಯಲ್ಲಿ ಕೆಲಸ ಮಾಡುತ್ತಿದ್ದ, ಒಳ್ಳೆಯ ಕಿವಿಯ ಒಬ್ಬ ಹೆಂಗಸಿನದ್ದು. ಏನನ್ನೂ ಬಿಡುವುದಿಲ್ಲ, ಒಣಗುವ ತಟ್ಟೆಗಳನ್ನು ಕಂಡು ಮೈ ಉರಿದದ್ದನ್ನೂ ಹೇಳುತ್ತಾಳೆ, ಕುಂಚ ಅದ್ದಿದ್ದನ್ನೂ ಹೇಳುತ್ತಾಳೆ. ಟೀಚರಮ್ಮನ ಗುಂಪು ಪೂರ್ತಿ ಅಲ್ಲಿಗೆ ಬರುತ್ತದೆ, ಒಬ್ಬರೂ ತಪ್ಪಿಸಿಕೊಳ್ಳುವುದಿಲ್ಲ. ಮೊದಲ ಸಲ ನಲವತ್ತೊಂದು ಜನ ಇದ್ದರು. ಹೇಳುತ್ತ ಹೇಳುತ್ತಲೇ ಅವಳು ತಲೆ ಎಣಿಸಿಬಿಟ್ಟಳು. ಅಭ್ಯಾಸ ಎಲ್ಲಿ ಹೋಗುತ್ತದೆ. ಅವಳ ಯಾವ ಕಥೆಗೂ ಅಷ್ಟು ಜನ ನಿಂತಿರಲಿಲ್ಲ.

ಮುಂದೆ ನಿಂತ ಹುಡುಗಿಯೊಬ್ಬಳು ಕೇಳಿದಳು, "ಇದು ನಿಜಾನಾ, ಬರೀ ಕಥೆನಾ?"

"ನಿಜ."

"ಆ ಹೆಂಗಸು ಈಗ ಎಲ್ಲಿದಾಳೆ?"

ಗುಂಪಿನ ಹಿಂದೆ, ತಟ್ಟೆ ಕಂಕುಳಲ್ಲಿಟ್ಟುಕೊಂಡು ನಿಂತ ಟೀಚರಮ್ಮ ತಲೆ ತಗ್ಗಿಸಿದಳು. ಸುತ್ತಿಗೆಯಕ್ಕ ಬೆರಳೆತ್ತಲಿಲ್ಲ, ಅಲೆಯ ಲೆಕ್ಕವನ್ನೂ ನೋಡಲಿಲ್ಲ.

"ನಾನೇ ಮಗಾ ಅದು" ಅಂದಳು.